ಜಾಮೀನು ನಿಂತವಳಿಗೆ ಅಂಜುಬುರುಕಿ ಅಂತ ಹೆಸರು

ಇದು ಪುಣೆಯ ಪಿಂಪ್ರಿ-ಚಿಂಚ್‌ವಡ್ ಕಡೆಯ ಒಬ್ಬ ಮಹಿಳೆಯ ಪ್ರಕರಣ. ಬರೆಯೋದಕ್ಕೆ ಅವರೂ ಅವರ ಗಂಡನೂ ಒಪ್ಪಿದ್ದಾರೆ. ಹೆಸರು, ವಯಸ್ಸು, ಕಂಪನಿಯ ಕೆಲಸ, ಹಣದ ಮೊತ್ತ ಎಲ್ಲವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಇಲ್ಲಿ ಅವರನ್ನು ಸುಜಾತಾ ಅಂತ ಕರೆಯುತ್ತೇನೆ, ಗಂಡನನ್ನು ಮಹೇಶ್ ಅಂತ.

ಸುಜಾತಾಗೆ 37 ವರ್ಷ. ಧಾರವಾಡದ ಕಡೆಯವರು, ಡಿಪ್ಲೊಮಾ ಮುಗಿಸಿ ಪುಣೆಗೆ ಬಂದವರು. ಕಾರ್ಖಾನೆಗಳಿಗೆ ಪಂಪು, ವಾಲ್ವು ಪೂರೈಸುವ ಒಂದು ಕಂಪನಿಯಲ್ಲಿ ಕೆಲಸ. ಗಿರಾಕಿ ಕಳಿಸಿದ ಡ್ರಾಯಿಂಗ್ ನೋಡಿ, ಎಷ್ಟು ಒತ್ತಡಕ್ಕೆ ಯಾವ ವಾಲ್ವ್ ಹೊಂದುತ್ತೆ ಅಂತ ಲೆಕ್ಕ ಹಾಕಿ ಕೊಟೇಶನ್ ತಯಾರು ಮಾಡಬೇಕು. ಮಹೇಶ್ ವಿಜಯಪುರದವರು, ಹಿಂಜವಾಡಿಯಲ್ಲಿ ಐಟಿ ಕೆಲಸ. ಮೂರನೇ ಕ್ಲಾಸಿನ ಮಗಳು ಇದ್ದಾಳೆ. ಸಕ್ಕರೆ ಕಾಯಿಲೆ ಇರುವ ಅತ್ತೆ ಇವರ ಜೊತೆಗೇ ಇದ್ದಾರೆ. ಫ್ಲ್ಯಾಟಿನ ಸಾಲ ಇನ್ನೂ ಬಹಳ ವರ್ಷ ಇದೆ.

ಅವರು ನನ್ನ ಹತ್ತಿರ ಕೌನ್ಸೆಲಿಂಗಿಗೆ ಬಂದಿದ್ದು ಸಂಬಳದ ವಿಷಯಕ್ಕಲ್ಲ. ನಿದ್ದೆ ಬರ್ತಿಲ್ಲ, ಮಗಳ ಮೇಲೆ ಸುಮ್ನೆ ರೇಗ್ತೀನಿ, ಭಾನುವಾರ ಸಂಜೆಯಾದರೆ ಹೊಟ್ಟೆ ತೊಳೆಸಿದ ಹಾಗಾಗುತ್ತೆ, ಇದು ಅವರ ದೂರು. ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್, ಬಿಪಿ ಎಲ್ಲ ನೋಡಿಸಿಕೊಂಡಿದ್ದರು, ಏನೂ ಇರಲಿಲ್ಲ. ಯಾವಾಗಿಂದ ಹೀಗೆ ಅಂತ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಪ್ರೇಸಲ್ ಆದ ಮ್ಯಾಲಿಂದ ರೀ ಮೇಡಂ. ಖರೇ ಹೇಳ್ಬೇಕಂದ್ರ ತಪ್ಪು ನಂದ. ನಂಗ ಧೈರ್ಯ ಇಲ್ಲ. ನಮ್ಮ ಮನಿಯವ್ರು ಮೊದ್ಲಿಂದ ಹೇಳ್ತಾರ, ನಿಂಗ ರಿಸ್ಕ್ ತಗೊಳ್ಳೋ ತಾಕತ್ತಿಲ್ಲ ಅಂತ."

ಆದದ್ದು ಇಷ್ಟು. ಕೆಲವು ವರ್ಷಗಳ ಹಿಂದೆ ಕಂಪನಿಯವರು ಆಫೀಸಿನಲ್ಲಿ ಕೂತು ಕೊಟೇಶನ್ ಮಾಡುವವರನ್ನು ಕರೆದು, ಯಾರಿಗೆ ಇಷ್ಟವೋ ಅವರು ಫೀಲ್ಡ್ ಸೇಲ್ಸಿಗೆ ಬನ್ನಿ ಅಂದರು. ಫಿಕ್ಸೆಡ್ ಸಂಬಳ ಕಡಿಮೆಯಾಗುತ್ತೆ, ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್ ಚೆನ್ನಾಗಿ ಬರುತ್ತೆ, ಮುಟ್ಟದಿದ್ದರೆ ಇಲ್ಲ. ಸುಜಾತಾ ಬೇಡ ಅಂದರು. ಅವರ ಜೊತೆಗೇ ಸೇರಿದ್ದ ಒಬ್ಬ ಸಹೋದ್ಯೋಗಿ ಹೂಂ ಅಂದ. ಈಗ ಅವನ ಕೈಗೆ ಬರುವುದು ಇವರ ಹತ್ತಿರಹತ್ತಿರ ಎರಡರಷ್ಟು. ಇದು ಮೊದಲೇ ಗೊತ್ತಿತ್ತು, ನುಂಗಿಕೊಂಡಿದ್ದರು. ಅಪ್ರೇಸಲ್ ಆದ ವಾರ ಇನ್ನೊಂದು ವಿಷಯ ಗೊತ್ತಾಯಿತು. ಇವರ ಪಕ್ಕದ ಟೇಬಲ್ಲಿಗೆ ಬಂದ ಹೊಸ ಹುಡುಗ, ಇದೇ ಕೊಟೇಶನ್ ಕೆಲಸ, ಅನುಭವ ಇವರಿಗಿಂತ ಕಡಿಮೆ, ಫೀಲ್ಡಿಗೂ ಹೋಗೋದಿಲ್ಲ, ಇನ್ಸೆಂಟಿವೂ ಇಲ್ಲ. ಅವನಿಗೆ ತಿಂಗಳಿಗೆ 71,000. ಇವರಿಗೆ 58,000. ಊಟದ ಹೊತ್ತಿನಲ್ಲಿ ಅವನೇ ಮಾತಿಗೆ ಮಾತು ಬಂದು ಹೇಳಿಬಿಟ್ಟಿದ್ದ, ಪಾಪ, ಅವನಿಗೂ ಇವರದು ಕಡಿಮೆ ಇದೆ ಅಂತ ಗೊತ್ತಿರಲಿಲ್ಲ.

ಸುಜಾತಾ ಈ ಎರಡನ್ನೂ ಒಂದೇ ಗಂಟು ಕಟ್ಟಿ ತಂದಿದ್ದರು. "ನಾ ಅವತ್ತ ಹೂಂ ಅಂದಿದ್ರ ಇವತ್ತ ಹಿಂಗ ಆಗ್ತಿದ್ದಿಲ್ರಿ." ಅಲ್ವಾ, ನೋಡಿ. ಹೊಸ ಹುಡುಗ ಯಾವ ರಿಸ್ಕೂ ತಗೊಂಡಿಲ್ಲ. ಅವನ ಕುರ್ಚಿಯೂ ಇವರ ಕುರ್ಚಿಯೂ ಒಂದೇ. ಆ 13,000ಕ್ಕೂ ಇವರ ಧೈರ್ಯಕ್ಕೂ ಏನೂ ಸಂಬಂಧ ಇಲ್ಲ. ಆದರೂ ಅದನ್ನೂ ತಮ್ಮ ಮೇಲೆ ಹಾಕಿಕೊಂಡಿದ್ದರು. ಗಂಟು ಬಿಚ್ಚಬೇಕು, ಎರಡನ್ನೂ ಬೇರೆ ಬೇರೆ ಇಡಬೇಕು ಅಂತ ನನಗೆ ಅನ್ನಿಸಿದ್ದು ಆಗಲೇ.

ಮೊದಲು ಹಳೆಯದನ್ನು ತೆಗೆದುಕೊಂಡೆವು. ನಾನು ಕೇಳಿದ್ದು ಒಂದೇ ಪ್ರಶ್ನೆ. ಫೀಲ್ಡ್ ಬೇಡ ಅಂದಿರಲ್ಲ, ಆ ತಿಂಗಳು ಮನೇಲಿ ಏನೇನು ನಡೀತಿತ್ತು? ಅವರು ಬೆರಳು ಮಡಚಿಕೊಂಡು ನೆನಪಿಸಿಕೊಂಡರು. ಮಗಳಿಗೆ ಮೂರು ವರ್ಷ, ಪ್ಲೇಹೋಮಿಗೆ ಹಾಕಿದ್ದರು. ಫ್ಲ್ಯಾಟಿನ ಕಂತು ಶುರುವಾಗಿತ್ತು, ಕೀಲಿ ಕೈಗೆ ಬಂದಿರಲಿಲ್ಲ, ಹಾಗಾಗಿ ಬಾಡಿಗೆಯೂ ಕಟ್ಟಬೇಕು, ಕಂತೂ ಕಟ್ಟಬೇಕು. ಅತ್ತೆ ಆಗಷ್ಟೇ ಊರಿನಿಂದ ಬಂದಿದ್ದರು. "ಮತ್ತ ಇವ್ರು ಆವಾಗ ಕೆಲಸ ಬಿಟ್ಟಿದ್ರು ರೀ. ದೋಸ್ತನ ಜೋಡಿ ಕೂಡಿ ಸ್ವಂತ ಏನೋ ಶುರು ಮಾಡಿದ್ರು. ಏಳು ತಿಂಗಳ ಪಗಾರ ಇದ್ದಿಲ್ಲ."

ಹೇಳಿ ಅವರೇ ನಿಂತರು. ಇಷ್ಟು ವರ್ಷ ಈ ಎರಡು ಸಂಗತಿ ಒಂದೇ ಕಾಲದಲ್ಲಿ ನಡೆದಿದ್ದು ಅಂತ ಅವರು ಜೋಡಿಸಿ ನೋಡಿಯೇ ಇರಲಿಲ್ಲ. ಗಂಡ ಸಂಬಳ ಬಿಟ್ಟು ಸ್ವಂತ ದಾರಿ ಹಿಡಿದಾಗ ಬಾಡಿಗೆ, ಕಂತು, ಪ್ಲೇಹೋಮಿನ ಫೀ, ಅತ್ತೆಯ ಇನ್ಸುಲಿನ್ ಎಲ್ಲ ಬಂದದ್ದು ಇವರ ಫಿಕ್ಸೆಡ್ ಸಂಬಳದಿಂದ. ಆ ತಿಂಗಳು ಇವರೂ ಫಿಕ್ಸೆಡ್ ಬಿಟ್ಟು ಇನ್ಸೆಂಟಿವ್ ನಂಬಿಕೊಂಡಿದ್ದರೆ ಮನೆ ಯಾರ ಮೇಲೆ ನಿಲ್ಲಬೇಕಿತ್ತು? ಬ್ಯಾಂಕಿನಲ್ಲಿ ಒಬ್ಬರು ಸಾಲ ತಗೊಂಡರೆ ಇನ್ನೊಬ್ಬರು ಜಾಮೀನಿಗೆ ಸಹಿ ಹಾಕುತ್ತಾರಲ್ಲ, ಸುಜಾತಾ ಮಾಡಿದ್ದು ಅದೇ ಕೆಲಸ, ಸಹಿ ಮಾತ್ರ ಯಾವ ಕಾಗದದ ಮೇಲೂ ಇಲ್ಲ. ಈ ಪ್ರಕರಣ ಬರೆಯೋದಕ್ಕೆ ನನಗೆ ಕಾರಣವೇ ಇದು. ಮನೆಯಲ್ಲಿ ಒಬ್ಬರು ಧೈರ್ಯ ಮಾಡೋದಕ್ಕೆ ಇನ್ನೊಬ್ಬರು ಗಟ್ಟಿಯಾಗಿ ಕೂತಿರಬೇಕಾಗುತ್ತೆ, ಹಾಗೆ ಕೂತವರಿಗೆ ಆಮೇಲೆ ಅಂಜುಬುರುಕಿ ಅನ್ನುತ್ತಾರೆ, ಅವರೂ ಅದನ್ನು ನಂಬಿಬಿಡುತ್ತಾರೆ. ಪುಣೆಯಲ್ಲಿ ಗಂಡ-ಹೆಂಡತಿ ಇಬ್ಬರೂ ದುಡಿಯುವ ನಮ್ಮ ಎಷ್ಟೋ ಮನೆಗಳಲ್ಲಿ ನಾನು ಇದನ್ನೇ ನೋಡುತ್ತಿದ್ದೇನೆ.

ಮುಂದಿನ ಸಲ ಬರುವಾಗ ಒಂದು ಹಾಳೆ ಬರೆದುಕೊಂಡು ಬನ್ನಿ ಅಂದೆ. ಮಧ್ಯೆ ಒಂದು ಗೆರೆ. ಒಂದು ಕಡೆ, ಮದುವೆಯಾದ ಮೇಲೆ ಈ ಮನೆಯಲ್ಲಿ ಯಾರು ಯಾವ ರಿಸ್ಕ್ ತಗೊಂಡರು. ಇನ್ನೊಂದು ಕಡೆ, ಅದು ಕೈಕೊಟ್ಟಾಗ ದುಡ್ಡು ಎಲ್ಲಿಂದ ಬಂತು. ಅವರು ಮಗಳ ಹಳೆಯ ಕಾಪಿ ಪುಸ್ತಕದ ಹಾಳೆ ಹರಿದು ತಂದಿದ್ದರು, ನಾಲ್ಕು ಗೆರೆಯದು. ಎಡಗಡೆ ಮೊದಲ ಸಾಲು "ಇವರ ಸ್ವಂತ ಬಿಸಿನೆಸ್". ಬಲಗಡೆ "ನನ್ನ ಪಗಾರ, ನನ್ನ ಪಾಟ್ಲಿ". ಪಾಟ್ಲಿ ಅಂದರೆ ತವರಿನಲ್ಲಿ ಹಾಕಿದ್ದ ಬಳೆ, ಅದನ್ನು ಅಡ ಇಟ್ಟಿದ್ದರು. ಎರಡನೇ ಸಾಲು "ಎಫ್ ಅಂಡ್ ಒ", ಅಂದರೆ ಷೇರಿನ ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅಂತ ದುಡ್ಡು ಹೂಡುವ ವ್ಯವಹಾರ. ಬಲಗಡೆ "ಪರ್ಸನಲ್ ಲೋನ್, ಕಂತು ನನ್ನ ಖಾತೆಯಿಂದ". ಮೂರನೇ ಸಾಲು "ನಾನು", ಎಡಗಡೆ ಅಷ್ಟೇ ಬರೆದು ಮುಂದೆ ಖಾಲಿ ಬಿಟ್ಟಿದ್ದರು. ಪೆನ್ನಿನ ಗುರುತು ನೋಡಿದರೆ ಗೊತ್ತಾಗುತ್ತಿತ್ತು, ಏನೋ ಬರೆದು ಹೊಡೆದು ಹಾಕಿದ್ದರು. ಕೇಳಿದೆ. "ಊರು ಬಿಟ್ಟು ಒಬ್ಬಾಕಿನ ಪುಣೆಗ ಬಂದಿದ್ದೆ ಅಂತ ಬರ್ದಿದ್ದೆ ರೀ. ಆಮ್ಯಾಲ ಅದೇನ್ ರಿಸ್ಕ್ ಅಂತ ಅಳಸಿದೆ." ಇಪ್ಪತ್ತೊಂದರ ಹುಡುಗಿ, ಮನೆಯವರ ವಿರೋಧದ ನಡುವೆ, ಗುರುತಿಲ್ಲದ ಊರು, ಮರಾಠಿ ಬಾರದು, ಭೋಸರಿಯಲ್ಲಿ ಒಂದು ಪೇಯಿಂಗ್ ಗೆಸ್ಟ್ ಕೋಣೆ. ಅದನ್ನು ಮತ್ತೆ ಬರೆಯಿರಿ ಅಂತ ಹೇಳಿ ಪೆನ್ನು ಅವರ ಕಡೆ ಸರಿಸಿದೆ.

ಎಫ್ ಅಂಡ್ ಒ ವಿಷಯ ಆ ಹಾಳೆಯಿಂದಲೇ ಹೊರಗೆ ಬಂತು, ಅಲ್ಲಿವರೆಗೆ ಬಾಯಿ ಬಿಟ್ಟಿರಲಿಲ್ಲ. ಮಹೇಶ್ ಎರಡು ವರ್ಷದಿಂದ ಫ್ಯೂಚರ್ಸ್, ಆಪ್ಷನ್ಸ್ ಆಡುತ್ತಿದ್ದರು, ನಾಲ್ಕು ಲಕ್ಷಕ್ಕಿಂತ ಜಾಸ್ತಿ ಹೋಗಿತ್ತು.

ಸುಜಾತಾ ಮೊಬೈಲಿನಲ್ಲಿ ಒಂದು ಲೇಖನ ತೋರಿಸಿದರು. ಹೆಂಗಸರು ಹುಟ್ಟಿನಿಂದಲೇ ರಿಸ್ಕ್ ತಗೊಳ್ಳೋದು ಕಡಿಮೆ, ಅದಕ್ಕೇ ಸಂಬಳವೂ ಕಡಿಮೆ ಅಂತ ಅದರ ಧಾಟಿ. ಇಂಥ ಮಾತು ಎಲ್ಲಿಂದ ಬಂತು ಅಂತ ಅವರಿಗೆ ವಿವರವಾಗಿ ಹೇಳಿದೆ, ಯಾಕಂದರೆ ಅದರಲ್ಲಿ ಅರ್ಧ ನಿಜ ಇದೆ. 2007ರಲ್ಲಿ ಮ್ಯೂರಿಯಲ್ ನೀಡರ್ಲೆ, ಲೀಸ್ ವೆಸ್ಟರ್ಲುಂಡ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಒಂದು ಪ್ರಯೋಗ ಪ್ರಕಟಿಸಿದರು. ಎರಡಂಕಿಯ ಸಂಖ್ಯೆಗಳನ್ನು ಕೂಡುವ ಸುಲಭ ಲೆಕ್ಕ. ಸರಿ ಮಾಡಿದ ಲೆಕ್ಕಕ್ಕೆ ಇಂತಿಷ್ಟು ಅಂತ ದುಡ್ಡು ಬೇಕೋ, ಇಲ್ಲ ಸ್ಪರ್ಧೆಗೆ ಇಳಿದು ಗೆದ್ದವರಿಗೆ ಮಾತ್ರ ಜಾಸ್ತಿ ದುಡ್ಡು ಅನ್ನುವ ಪದ್ಧತಿ ಬೇಕೋ ಅಂತ ಕೇಳಿದರು. ಗಂಡಸರಲ್ಲಿ 73% ಸ್ಪರ್ಧೆ ಆರಿಸಿಕೊಂಡರು, ಹೆಂಗಸರಲ್ಲಿ 35%. ಲೆಕ್ಕ ಮಾಡೋದರಲ್ಲಿ ಇಬ್ಬರಿಗೂ ವ್ಯತ್ಯಾಸ ಇರಲಿಲ್ಲ. ಚೆನ್ನಾಗಿ ಮಾಡುವ ಹೆಂಗಸರು ಇಳಿಯದೆ ದುಡ್ಡು ಕಳೆದುಕೊಂಡರು, ಅಷ್ಟು ಚೆನ್ನಾಗಿ ಬಾರದ ಗಂಡಸರು ಇಳಿದು ಕಳೆದುಕೊಂಡರು. ಈ ಎರಡನೇ ಅರ್ಧವನ್ನು ಯಾರೂ ಹೇಳೋದಿಲ್ಲ.

ಹುಟ್ಟಿನಿಂದಲೇ ಅನ್ನೋ ಮಾತಿಗೆ ಮೇಘಾಲಯದಿಂದ ಉತ್ತರ ಇದೆ. ಉರಿ ಗ್ನೀಜಿ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಅಧ್ಯಯನ. ಟೆನಿಸ್ ಚೆಂಡನ್ನು ಬಕೆಟ್ಟಿಗೆ ಎಸೆಯುವ ಆಟ, ಅದೇ ಎರಡು ಆಯ್ಕೆ. ತಾಂಜಾನಿಯಾದ ಮಸಾಯಿ ಜನರಲ್ಲಿ ಸ್ಪರ್ಧೆಗೆ ಇಳಿದ ಗಂಡಸರು ಹೆಂಗಸರ ಸುಮಾರು ಎರಡರಷ್ಟು. ಮೇಘಾಲಯದ ಖಾಸಿಗಳಲ್ಲಿ ಉಲ್ಟಾ, ಹೆಂಗಸರೇ ಗಂಡಸರಿಗಿಂತ ಜಾಸ್ತಿ. ಖಾಸಿಗಳಲ್ಲಿ ಆಸ್ತಿ ಹೋಗೋದು ಕಿರಿಯ ಮಗಳಿಗೆ, ಮದುವೆಯಾದ ಮೇಲೆ ಗಂಡನೇ ಹೆಂಡತಿಯ ಮನೆಗೆ ಬರುವುದೂ ಉಂಟು. ಕಾಲ ಕೆಳಗೆ ನೆಲ ತನ್ನದು ಅಂತ ಗೊತ್ತಿದ್ದರೆ ಹೆಂಗಸೂ ಪಂದ್ಯಕ್ಕೆ ನಿಲ್ಲುತ್ತಾಳೆ ಅಂತ ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ಸುಜಾತಾ ಇದನ್ನು ಎರಡು ಸಲ ಕೇಳಿಸಿಕೊಂಡರು. "ಕಿರೀ ಮಗಳಿಗಾ?" ಅಂತ ಮತ್ತೆ ಕೇಳಿದರು. ಅವರೂ ಮನೆಯಲ್ಲಿ ಕಿರಿಯವರು, ಹೊಲ ಅಣ್ಣಂದಿರ ಹೆಸರಿಗೆ ಆಗಿದೆ.

ಫೀಲ್ಡ್ ಕೆಲಸದ ವಿಷಯದಲ್ಲಿ ಇನ್ನೊಂದು ಮಾತು ಇದೆ. ಆಫರ್ ಇಬ್ಬರಿಗೂ ಒಂದೇ ಇತ್ತು, ಹಾಗಂತ ರಿಸ್ಕ್ ಒಂದೇ ಆಗಿರಲಿಲ್ಲ. ರಾಂಜಣಗಾಂವ್, ಚಾಕಣ್ ಕಾರ್ಖಾನೆಗಳಿಗೆ ಹೋಗಿ, ಪರ್ಚೇಸ್ ಮ್ಯಾನೇಜರ್ ಬರೋತನಕ ಗೇಟಿನ ಹತ್ತಿರ ಕಾದು, ನಾಸಿಕ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ರಾತ್ರಿ ಬೈಕಿನ ಮೇಲೆ ವಾಪಸು ಬರೋದು ಆ ಸಹೋದ್ಯೋಗಿಗೆ ಕಷ್ಟ. ಸುಜಾತಾಗೆ ಕಷ್ಟದ ಜೊತೆ ಭಯವೂ ಇದೆ. ಗಿರಾಕಿಯೊಬ್ಬ ಆರ್ಡರ್ ಕೊಡೋದಕ್ಕೆ ಊಟಕ್ಕೆ ಕರೆದರೆ ಅವನು ಹೋಗಿ ಉಂಡು ಬರುತ್ತಾನೆ. ಇವರು ಹೋಗಬೇಕೋ ಬೇಡವೋ ಅಂತ ನೂರು ಸಲ ಯೋಚನೆ ಮಾಡಬೇಕು. ಮನೆಗೆ ತಡವಾದರೆ ಅವನ ಹೆಂಡತಿ ಮಗುವಿಗೆ ಉಣಿಸಿರುತ್ತಾಳೆ. ಇವರಿಗೆ ತಡವಾದರೆ ಮಗು ಹಸಿದಿರುತ್ತೆ, ಅತ್ತೆಗೆ ಇಂಜೆಕ್ಷನ್ ತಪ್ಪುತ್ತೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಬಸ್ಸು, ರೈಲು ಓಡಿಸುವವರ ಸಂಬಳವನ್ನು ಇಬ್ಬರು ಸಂಶೋಧಕರು ಕೂಲಂಕಷವಾಗಿ ನೋಡಿದ್ದಾರೆ. ಅಲ್ಲಿ ಯೂನಿಯನ್ ಇದೆ, ಗಂಟೆಗೆ ಇಂತಿಷ್ಟು ಅಂತ ಎಲ್ಲರಿಗೂ ಒಂದೇ ದರ, ಬಡ್ತಿ ಸೀನಿಯಾರಿಟಿ ಪ್ರಕಾರ. ಆದರೂ ಗಂಡಸು ಒಂದು ಡಾಲರ್ ಗಳಿಸಿದರೆ ಹೆಂಗಸು ಗಳಿಸಿದ್ದು 89 ಸೆಂಟ್. ಗಂಡಸರು ಓವರ್‌ಟೈಮ್ ಜಾಸ್ತಿ ಮಾಡಿದ್ದರು, ಅದರಲ್ಲೂ ದಿಢೀರ್ ಅಂತ ಬರುವ ಓವರ್‌ಟೈಮ್. ಮನೆಯಲ್ಲಿ ಮಗುವನ್ನು ಬಿಟ್ಟು ಆ ಗಳಿಗೆಯಲ್ಲಿ ಹೂಂ ಅನ್ನೋದು ಹೆಂಗಸರಿಗೆ ಆಗಲಿಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಹೇಳುತ್ತಾ ಬಂದಿರುವುದೂ ಇದನ್ನೇ. ಯಾವಾಗ ಕರೆದರೆ ಆವಾಗ ಬರುವವರಿಗೆ ಕಂಪನಿಗಳು ಲೆಕ್ಕ ಮೀರಿ ದುಡ್ಡು ಕೊಡುತ್ತವೆ, ಮಗು ಹುಟ್ಟಿದ ಮೇಲೆ ದಂಪತಿಗಳಲ್ಲಿ ಒಬ್ಬರೇ ಹಾಗೆ ಇರೋದಕ್ಕೆ ಸಾಧ್ಯ.

ಇನ್ನು 13,000ದ ವಿಷಯ. ಇಲ್ಲಿ ನಾನು ಮೆತ್ತಗೆ ಮಾತಾಡಲಿಲ್ಲ. ಇದು ಅನ್ಯಾಯ ಇರಬಹುದು, ಹಾಗೆಯೇ ಹಿಡಿದು ವಿಚಾರಿಸಬೇಕು ಅಂದೆ. ನಮ್ಮಲ್ಲಿ ಸಮಾನ ವೇತನ ಕಾಯ್ದೆ ಬಂದಿದ್ದು 1976ರಲ್ಲಿ. ಈಗ ಅದು 2019ರ ವೇತನ ಸಂಹಿತೆಯೊಳಗೆ ಸೇರಿದೆ. ಒಂದೇ ಕೆಲಸಕ್ಕೆ, ಅಥವಾ ಒಂದೇ ಬಗೆಯ ಕೆಲಸಕ್ಕೆ, ಗಂಡು ಹೆಣ್ಣು ಅಂತ ಸಂಬಳದಲ್ಲಿ ಭೇದ ಮಾಡುವ ಹಾಗಿಲ್ಲ. ಕೆಲಸಕ್ಕೆ ಬೇಕಾದ ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಒಂದೇ ಇದ್ದರೆ ಅದು ಒಂದೇ ಬಗೆಯ ಕೆಲಸ. ಹೊಸ ಹುಡುಗನಿಗೆ ಜಾಸ್ತಿ ಕೊಡೋದಕ್ಕೆ ಬೇರೆ ಕಾರಣ ಇರಬಹುದು, ಹೊರಗಿನಿಂದ ಬಂದವರಿಗೆ ಹಳಬರಿಗಿಂತ ಜಾಸ್ತಿ ಕೊಡೋ ಚಾಳಿ ಎಲ್ಲ ಕಡೆ ಇದೆ. ಇದ್ದರೆ ಆ ಕಾರಣವನ್ನು ಕಂಪನಿ ಹೇಳಲಿ.

"ನಾ ಕೇಳಿಲ್ಲ ಅದಕ್ಕ ಕೊಟ್ಟಿಲ್ಲ, ಹೌದಲ್ರೀ?" ಅಂದರು ಸುಜಾತಾ. ಈ ಮಾತು ನನಗೆ ತುಂಬಾ ಸಲ ಕೇಳಿಸುತ್ತೆ. ಹೆಂಗಸರು ಕೇಳೋದಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಆಸ್ಟ್ರೇಲಿಯಾದ ಉದ್ಯೋಗಿಗಳ ಮಾಹಿತಿ ಇಟ್ಟುಕೊಂಡು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಥರದ ಕೆಲಸದಲ್ಲಿರುವ ಹೆಂಗಸರೂ ಗಂಡಸರಷ್ಟೇ ಕೇಳಿದ್ದರು. ಕೇಳಿದಾಗ ಸಿಕ್ಕಿದ್ದು ಗಂಡಸರಿಗೆ 20% ಸಲ, ಹೆಂಗಸರಿಗೆ 15% ಸಲ. ಅದಕ್ಕೂ ಮುಂಚೆ 2007ರಲ್ಲಿ ಹ್ಯಾನಾ ರೈಲಿ ಬೋಲ್ಸ್, ಲಿಂಡಾ ಬ್ಯಾಬ್‌ಕಾಕ್ ಮತ್ತು ಲೇ ಲೈ ಮಾಡಿದ ಪ್ರಯೋಗಗಳಲ್ಲಿ, ಜಾಸ್ತಿ ಸಂಬಳ ಕೇಳಿದ ಹೆಂಗಸಿನ ಜೊತೆ ಕೆಲಸ ಮಾಡೋದಕ್ಕೆ ಜನ ಹಿಂಜರಿದರು. ಅದೇ ಮಾತು ಗಂಡಸು ಕೇಳಿದಾಗ ಅಷ್ಟು ಹಿಂಜರಿಯಲಿಲ್ಲ. ಅಂದರೆ ಕೇಳೋದರಲ್ಲೇ ಹೆಂಗಸಿಗೆ ರಿಸ್ಕ್ ಜಾಸ್ತಿ. ಸುಜಾತಾ ಇಷ್ಟು ವರ್ಷ ಸುಮ್ಮನಿದ್ದದ್ದು ದಡ್ಡತನದಿಂದ ಅಲ್ಲ. ಆಫೀಸಿನಲ್ಲಿ ಕೇಳಿದವಳಿಗೆ ಏನಾಯಿತು ಅಂತ ಅವರು ಕಣ್ಣಾರೆ ನೋಡಿದ್ದರು.

ಮಹೇಶ್ ಅವರನ್ನು ಜೊತೆಯಲ್ಲಿ ಕರೆದುಕೊಂಡು ಬನ್ನಿ ಅಂದೆ. ಬಂದರು. ಒಳ್ಳೆಯ ಮನುಷ್ಯ, ಮಗಳ ಮೇಲೆ ಜೀವ. ಆದರೆ ಹೆಂಡತಿಯ ವಿಷಯ ಬಂದ ಕೂಡಲೇ ಅದೇ ಮಾತು: "ಇಕಿಗೆ ಮೊದ್ಲಿಂದ ಅಂಜಿಕಿ ಜಾಸ್ತಿ ರೀ ಮೇಡಂ. ಲೈಫಿನ್ಯಾಗ ಮುಂದ ಬರ್ಬೇಕಂದ್ರ ರಿಸ್ಕ್ ತಗೋಬೇಕಲ್ಲ." ಸುಜಾತಾ ತಲೆ ತಗ್ಗಿಸಿದರು. ನಾನು ವಾದ ಮಾಡಲಿಲ್ಲ, ಅವರ ಒಪ್ಪಿಗೆ ಪಡೆದು ಆ ನಾಲ್ಕು ಗೆರೆಯ ಹಾಳೆಯನ್ನು ಮಹೇಶ್ ಮುಂದೆ ಇಟ್ಟೆ. ಅವರು ಓದಿದರು. ಮತ್ತೆ ಓದಿದರು. ಪಾಟ್ಲಿ ಅಂತ ಬರೆದಿದ್ದ ಕಡೆ ಬೆರಳಿಟ್ಟು, "ಇದನ್ನ ಬಿಡಿಸ್ಕೊಂಡ್ ಬರ್ಲಿಲ್ಲೇನು ನೀ?" ಅಂತ ಹೆಂಡತಿಯನ್ನು ಕೇಳಿದರು. "ಎಲ್ಲಿಂದ ಬಿಡಿಸ್ಲಿ?" ಅಂದರು ಅವರು. ಇಬ್ಬರೂ ಜೋರು ಮಾಡಲಿಲ್ಲ. ಆಮೇಲೆ ಮಹೇಶ್ ಸ್ವಲ್ಪ ಎದುರು ಮಾತಾಡಿದರು, ತಾನು ಜೂಜು ಆಡ್ತಿಲ್ಲ, ಕಲೀತಿದ್ದೀನಿ, ಇನ್ನಾರು ತಿಂಗಳಲ್ಲಿ ಎಲ್ಲ ವಾಪಸ್ ಬರುತ್ತೆ ಅಂತ. ನಾನು ಹೂಡಿಕೆ ಸಲಹೆಗಾರ್ತಿ ಅಲ್ಲ ಅಂತ ಹೇಳಿಯೇ ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿಯ ಲೆಕ್ಕ ಮುಂದಿಟ್ಟೆ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ವರದಿ ಪ್ರಕಾರ ಮೂರು ಹಣಕಾಸು ವರ್ಷಗಳಲ್ಲಿ ಈಕ್ವಿಟಿ ಎಫ್ ಅಂಡ್ ಒ ಆಡಿದ ಬಿಡಿ ವ್ಯಕ್ತಿಗಳಲ್ಲಿ 93% ಜನ ನಷ್ಟ ಮಾಡಿಕೊಂಡಿದ್ದಾರೆ, ಎಲ್ಲರದೂ ಸೇರಿ ಹೋದದ್ದು 1.8 ಲಕ್ಷ ಕೋಟಿಗಿಂತ ಜಾಸ್ತಿ. ಅಮೆರಿಕದಲ್ಲಿ ಬ್ರಾಡ್ ಬಾರ್ಬರ್, ಟೆರೆನ್ಸ್ ಓಡಿಯನ್ 2001ರಲ್ಲಿ ತೋರಿಸಿದ್ದೂ ನೆನಪಿಗೆ ಬಂತು. ಗಂಡಸರು ಹೆಂಗಸರಿಗಿಂತ 45% ಜಾಸ್ತಿ ಸಲ ಷೇರು ಕೊಂಡು ಮಾರಿದ್ದರು, ಆ ಜಾಸ್ತಿ ವ್ಯವಹಾರದಿಂದಲೇ ಅವರ ಲಾಭ ಹೆಂಗಸರದಕ್ಕಿಂತ ಜಾಸ್ತಿ ಕರಗಿತ್ತು. ತನ್ನ ಮೇಲೆ ತನಗಿರುವ ಅತಿಯಾದ ನಂಬಿಕೆ ಅದಕ್ಕೆ ಕಾರಣ ಅಂತ ಅವರ ವಾದ.

ನಾನು ಮಹೇಶ್ ಹತ್ತಿರ ಕೇಳಿಕೊಂಡಿದ್ದು ಒಂದು. ಇನ್ನು ಮುಂದೆ ಮನೆಯಲ್ಲಾಗಲಿ, ನೆಂಟರ ಮುಂದಾಗಲಿ, ಮಗಳ ಮುಂದಾಗಲಿ ಅಂಜುಬುರುಕಿ ಅನ್ನೋ ಮಾತು ಆಡಬೇಡಿ. ನೀವು ಬಿದ್ದಾಗ ನಿಮ್ಮನ್ನು ಹಿಡಿದದ್ದು ಆ ಫಿಕ್ಸೆಡ್ ಸಂಬಳ. ಅದನ್ನು ಮಗಳು ಕೇಳಿಸಿಕೊಳ್ಳಲಿ.

ಕೊಟ್ಟ ಸಲಹೆಗಳನ್ನು ಇಲ್ಲಿ ಬರೆಯುತ್ತೇನೆ, ಇದೇ ಸ್ಥಿತಿಯಲ್ಲಿರುವವರಿಗೆ ಬೇಕಾಗಬಹುದು. ದುಡ್ಡಿನ ವಿಷಯ ಮೊದಲು. ಎಫ್ ಅಂಡ್ ಒ ವಿಭಾಗವನ್ನು ಬ್ರೋಕರ್ ಕಡೆಯಿಂದ ಬಂದ್ ಮಾಡಿಸಿ. ಅದು ಆಗೋದಿಲ್ಲ ಅಂದರೆ ಎಷ್ಟು ಹೋದರೆ ನಿಲ್ಲಿಸಬೇಕು ಅಂತ ಇಬ್ಬರೂ ಕೂತು ಬರೆದಿಡಿ, ಪರ್ಸನಲ್ ಲೋನಿನ ಕಂತು ಮಹೇಶ್ ಖಾತೆಯಿಂದ ಹೋಗಲಿ. ಸುಜಾತಾ ಹೆಸರಿನಲ್ಲಿ ಬೇರೆ ಖಾತೆ ಇರಲಿ, ಆರು ತಿಂಗಳ ಮನೆ ಖರ್ಚು ಮತ್ತು ಕಂತು ಅದರಲ್ಲಿ ಸೇರೋತನಕ ಯಾರೂ ಅದಕ್ಕೆ ಕೈ ಹಚ್ಚಬಾರದು. ಇದನ್ನು ಉಳಿತಾಯ ಅಂತ ನೋಡಬೇಡಿ, ಅವರು ಮುಂದೆ ಒಂದು ರಿಸ್ಕ್ ತಗೊಳ್ಳೋದಕ್ಕೆ ಇದೇ ಬಂಡವಾಳ ಅಂದೆ. ಮತ್ತೆ, ಮುಂದಿನ ಎರಡು ವರ್ಷ ಮನೆಯ ಗಟ್ಟಿ ಸಂಬಳ ಯಾರದು, ಪ್ರಯತ್ನ ಮಾಡುವ ಸರದಿ ಯಾರದು ಅಂತ ಬಾಯಿಬಿಟ್ಟು ಮಾತಾಡಿಕೊಳ್ಳಿ ಅಂದೆ. ಇಷ್ಟು ದಿನ ಅದು ಮಾತಿಲ್ಲದೆ ತೀರ್ಮಾನವಾಗಿತ್ತು.

ಫೀಲ್ಡಿಗೆ ಈಗಲೂ ಹೋಗಬೇಕು ಅನ್ನಿಸುತ್ತಾ ಅಂತ ಕೇಳಿದೆ. ಅನ್ನಿಸುತ್ತೆ ಅಂದರು. ಹಾಗಿದ್ದರೆ ಇಡೀ ಕೆಲಸ ಬದಲಿಸಬೇಡಿ, ಕೆಲವು ಗಿರಾಕಿಗಳನ್ನು ಮಾತ್ರ ಕೇಳಿ, ಮೊದಲ ಆರು ತಿಂಗಳು ಫಿಕ್ಸೆಡ್ ಕಡಿಮೆ ಮಾಡಬಾರದು ಅಂತ ಬರವಣಿಗೆಯಲ್ಲಿ ಕೇಳಿ, ತಡವಾದರೆ ಕಂಪನಿಯ ಗಾಡಿ ಕೇಳಿ. ಗಿರಾಕಿಯ ಜಾಗದಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಅದೂ ಕೆಲಸದ ಸ್ಥಳವೇ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ, ಕೆಲಸದ ನಿಮಿತ್ತ ಹೋದ ಜಾಗ ಮತ್ತು ಕಂಪನಿ ಕೊಟ್ಟ ವಾಹನ ಕೂಡ ಸೇರುತ್ತೆ. ಇದು ಬಹಳ ಹೆಂಗಸರಿಗೆ ಗೊತ್ತಿಲ್ಲ.

ಸಂಬಳದ ಮಾತನ್ನು ನಾವು ನನ್ನ ಕೋಣೆಯಲ್ಲೇ ಆಡಿ ನೋಡಿದೆವು. ನಾನು ಮ್ಯಾನೇಜರ್. ಸುಜಾತಾ ಮೊದಲು ಶುರು ಮಾಡಿದ್ದು "ಸಾರಿ ಸರ್, ನಿಮ್ಮ ಟೈಮ್ ಹಾಳು ಮಾಡ್ತಿದ್ದೀನಿ" ಅಂತ. ಆಮೇಲೆ ಮನೆಯ ಕಷ್ಟ ಹೇಳಿದರು, ಅತ್ತೆಯ ಔಷಧಿ, ಮಗಳ ಫೀ. ಅವೆರಡನ್ನೂ ತೆಗೆಯಿರಿ ಅಂದೆ. ನಿಮ್ಮ ಕಷ್ಟಕ್ಕೆ ಕಂಪನಿ ದುಡ್ಡು ಕೊಡೋದಿಲ್ಲ, ಕೆಲಸಕ್ಕೆ ಕೊಡುತ್ತೆ. ಆಸ್ಟ್ರೇಲಿಯಾದ ಆಂಡ್ರಿಯಾಸ್ ಲೈಬ್ರಾಂಟ್, ಅಮೆರಿಕದ ಜಾನ್ ಲಿಸ್ಟ್ 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಇಲ್ಲಿ ಬಹಳ ಉಪಯೋಗಕ್ಕೆ ಬಂತು. ಕೆಲಸದ ಜಾಹೀರಾತಿನಲ್ಲಿ ಸಂಬಳದ ಬಗ್ಗೆ ಮಾತಾಡಬಹುದು ಅಂತ ಸ್ಪಷ್ಟವಾಗಿ ಬರೆದಾಗ ಹೆಂಗಸರೂ ಗಂಡಸರ ಹಾಗೆಯೇ ಕೇಳಿದರು. ಏನೂ ಬರೆಯದೆ ಬಿಟ್ಟಾಗ ಮಾತ್ರ ಗಂಡಸರು ಮುಂದಾದರು. ಹಾಗಾಗಿ ಮೊದಲ ಪ್ರಶ್ನೆಯೇ ನಿಯಮದ ಬಗ್ಗೆ ಇರಲಿ ಅಂದೆ: "ಸರ್, ನನ್ನ ಹುದ್ದೆಗೆ ಸಂಬಳ ಎಷ್ಟರಿಂದ ಎಷ್ಟರವರೆಗೆ ಇದೆ, ಅದರಲ್ಲಿ ನಾನು ಎಲ್ಲಿದ್ದೀನಿ?" ಆಮೇಲೆ ಹೋದ ವರ್ಷ ಇವರು ಮಾಡಿದ ಕೊಟೇಶನ್ ಎಷ್ಟು, ಅದರಲ್ಲಿ ಆರ್ಡರ್ ಆಗಿದ್ದು ಎಷ್ಟು, ಹೊಸಬರಿಗೆ ಕೆಲಸ ಕಲಿಸಿದ್ದು ಯಾರು. ಆ ಹುಡುಗನ ಹೆಸರು ಎತ್ತಬೇಡಿ. ಅವನು ನಂಬಿ ಹೇಳಿದ ಮಾತು, ಅವನಿಗೆ ತೊಂದರೆ ಆಗಬಾರದು. ಕೊನೆಗೆ ಎಲ್ಲವನ್ನೂ ಅದೇ ದಿನ ಇಮೇಲ್ ಮಾಡಿ. ಆಡಿ ಆಡಿ ಅವರ ಧ್ವನಿ ಸಲೀಸಾಯಿತು. ಒಂದು ಸಲ ನಾನು ಬೇಕಂತಲೇ "ನಿಮ್ಮ ಗಂಡ ಐಟಿಯಲ್ಲಿದ್ದಾರಲ್ಲ, ನಿಮಗ್ಯಾಕೆ ಅಷ್ಟು ಚಿಂತೆ" ಅಂದೆ, ಮ್ಯಾನೇಜರುಗಳು ಅನ್ನುತ್ತಾರೆ ಅಂತ ಗೊತ್ತಿತ್ತು. ಸುಜಾತಾ ಒಂದು ಕ್ಷಣ ತಡೆದು, "ಸರ್, ಅವರ ಪಗಾರ ಅವರ ಕೆಲಸಕ್ಕೆ. ನಾನು ನನ್ನ ಕೆಲಸದ ಬಗ್ಗೆ ಮಾತಾಡ್ತಿದ್ದೀನಿ" ಅಂದರು. ಅದನ್ನೇ ಹೇಳಿ, ಒಂದಕ್ಷರ ಬದಲಿಸಬೇಡಿ ಅಂದೆ.

ಮ್ಯಾನೇಜರ್ ಹತ್ತಿರ ಆ ಮಾತು ನಿಜವಾಗಲೂ ಬಂತಂತೆ, ಇವರೂ ಅದನ್ನೇ ಹೇಳಿದರಂತೆ. ಎಚ್‌ಆರ್ ಎರಡು ತಿಂಗಳು ಎಳೆದಾಡಿ ಸಂಬಳವನ್ನು 66,000ಕ್ಕೆ ಏರಿಸಿ ಪತ್ರ ಕೊಟ್ಟಿತು. ಉಳಿದದ್ದನ್ನು ಏಪ್ರಿಲ್‌ನಲ್ಲಿ ನೋಡೋಣ ಅಂದಿದ್ದಾರೆ. ಭೋಸರಿಯ ಮೂರು ಗಿರಾಕಿಗಳನ್ನು ಇವರಿಗೆ ಕೊಟ್ಟಿದ್ದಾರೆ, ಹಗಲಿನಲ್ಲೇ ಹೋಗಿ ಬರುತ್ತಾರೆ, ಫಿಕ್ಸೆಡ್ ಕಡಿಮೆ ಮಾಡಿಲ್ಲ. ಆ ದಿನಗಳಲ್ಲಿ ಅತ್ತೆಯ ಇಂಜೆಕ್ಷನ್ನಿನ ಜವಾಬ್ದಾರಿ ಮಹೇಶ್ ಅವರದು. ಎಫ್ ಅಂಡ್ ಒ ಬಂದ್ ಆಗಿದೆ, ಆದರೆ ಅದಕ್ಕೆ ಜಗಳ ಆಗದೇ ಇರಲಿಲ್ಲ, ಪಾಟ್ಲಿ ಇನ್ನೂ ಬಿಡಿಸಿಕೊಂಡಿಲ್ಲ. ನಿದ್ದೆ ಮೊದಲಿಗಿಂತ ಪರವಾಗಿಲ್ಲ, ಭಾನುವಾರದ ಹೊಟ್ಟೆ ತೊಳಸು ಆಗಾಗ ಇದೆ, ಅದಕ್ಕೆ ನಾವು ಭೇಟಿ ಮುಂದುವರಿಸಿದ್ದೇವೆ. ಏಪ್ರಿಲ್‌ನಲ್ಲಿ ಬಾಕಿ 5,000 ಬರದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳುವ ಎರಡನೇ ಪತ್ರದ ಕರಡನ್ನು ಸುಜಾತಾ ಈಗಲೇ ಬರೆದಿಟ್ಟಿದ್ದಾರೆ. ಕಳಿಸುವ ಮುಂಚೆ ಕಾರ್ಮಿಕ ಕಾನೂನು ಬಲ್ಲ ವಕೀಲರಿಗೆ ಒಂದು ಸಲ ತೋರಿಸಿ ಅಂತ ಹೇಳಿದ್ದೇನೆ.